ಕೈ ಮುಟ್ಟದ ಕರಾವಳಿ ಎಂಬ ಹುಸಿ ಹೊಗಳಿಕೆ

ಜಪಾನಿನ ನೋತೋ ಪರ್ಯಾಯ ದ್ವೀಪದ ಬಗ್ಗೆ ಪ್ರವಾಸಿ ಬರಹಗಳಲ್ಲಿ ಒಂದು ಮಾತು ರೂಢಿಯಾಗಿಬಿಟ್ಟಿದೆ. ಇಲ್ಲಿ ನೋಡಲೇಬೇಕು ಅನ್ನುವಂಥದ್ದು ಹೆಚ್ಚೇನಿಲ್ಲ, ಏನೂ ಇಲ್ಲದಿರುವುದೇ ಇದರ ಸೊಗಸು ಎಂಬುದು ಆ ಮಾತು. ಟೋಕಿಯೋದ ಗದ್ದಲವಿಲ್ಲ, ಕ್ಯೋಟೋದ ನೂಕುನುಗ್ಗಲಿಲ್ಲ. ಇರುವುದು ಕಡಲು, ಬಂಡೆ, ಮೆಟ್ಟಿಲು ಗದ್ದೆ, ಕರಿ ಹೆಂಚಿನ ಮನೆ, ಬೆಳಗಿನ ಸಂತೆಯಲ್ಲಿ ಒಣಮೀನು ಹರಡಿಕೊಂಡು ಕೂತ ಅಜ್ಜಿಯರು. ‘ಯಾರೂ ಕೈ ಮುಟ್ಟದ ಜಪಾನ್’ ಎಂದು ಇದನ್ನು ಕೊಂಡಾಡುವುದು ವಾಡಿಕೆ. ಹೊಗಳಿಕೆಯ ಬೆನ್ನಿಗೇ ಒಂದು ಕೊಂಕೂ ಬರುತ್ತದೆ. ಕಡಲ ದಂಡೆಯಲ್ಲಿ 13 ಮೀಟರ್ ಉದ್ದದ ಸ್ಕ್ವಿಡ್ ಗೊಂಬೆ ನಿಲ್ಲಿಸಿದ್ದು, ಹಾರುವ ತಟ್ಟೆಯ ಹೆಸರಿನಲ್ಲಿ ಮ್ಯೂಸಿಯಂ ಕಟ್ಟಿದ್ದು, 460.9 ಮೀಟರ್ ಉದ್ದದ ಬೆಂಚು ಹಾಕಿ ಗಿನ್ನೆಸ್ ದಾಖಲೆ ಮಾಡಿದ್ದು, ಇವೆಲ್ಲ ಚಂದದ ಊರಿಗೆ ಬಳಿದ ಮಸಿ ಎಂಬುದು ಆ ಕೊಂಕು.

ಹೊಗಳಿಕೆಯೂ ಕೊಂಕೂ ಹುಟ್ಟುವುದು ಒಂದೇ ತಪ್ಪು ತಿಳಿವಳಿಕೆಯಿಂದ. ನೋತೋದಲ್ಲಿ ಜನ ನೋಡಲು ಬರುವ ಜಾಗಗಳಲ್ಲಿ ಕೈ ಮುಟ್ಟದ್ದು ಎಂಬುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಲ್ಲಿನ ಅತಿ ಹಳೆಯ ನೋಟವೂ ವರ್ಷವರ್ಷ ಯಾರೋ ಬೆನ್ನು ಬಗ್ಗಿಸಿ ದುಡಿದದ್ದರಿಂದಲೇ ಉಳಿದಿದೆ. ಆ ದುಡಿಮೆಯನ್ನು ಮರೆಸುವ ಮಾತು ಮೇಲ್ನೋಟಕ್ಕೆ ಮೆಚ್ಚುಗೆಯಂತೆ ಕಂಡರೂ ಆ ಊರಿನವರಿಗೆ ಅದರಿಂದ ಕೇಡೇ ಹೆಚ್ಚು. 2024ರ ಭೂಕಂಪದ ನಂತರವಂತೂ ಇದು ಬರೀ ಅಭಿರುಚಿಯ ಜಗಳವಾಗಿ ಉಳಿದಿಲ್ಲ.

ನೋತೋ ಇರುವುದು ಹೊನ್ಶು ದ್ವೀಪದ ನಡುಮಧ್ಯದಿಂದ ಜಪಾನ್ ಸಮುದ್ರದೊಳಕ್ಕೆ ಉತ್ತರಕ್ಕೆ ಚಾಚಿಕೊಂಡು, ಇಶಿಕಾವಾ ಪ್ರಾಂತದಲ್ಲಿ. ಬುಡದಲ್ಲಿ ಕನಜಾವಾ ನಗರ; ತುದಿಯಲ್ಲಿ ವಾಜಿಮಾ, ಸುಜು, ನೋತೋ ಎಂಬ ಸಣ್ಣ ಪಟ್ಟಣಗಳು. ಪಶ್ಚಿಮ, ಉತ್ತರದ ಹೊರದಂಡೆಗೆ ಚಳಿಗಾಲದಲ್ಲಿ ಅಲೆ ಅಪ್ಪಳಿಸುತ್ತದೆ. ಪೂರ್ವದ ಒಳದಂಡೆ ಶಾಂತ ಕೊಲ್ಲಿಗಳದ್ದು. ಬೆಟ್ಟ ನೇರವಾಗಿ ಕಡಲಿಗೆ ಇಳಿಯುವುದರಿಂದ ಸಮತಟ್ಟಾದ ನೆಲ ತೀರಾ ಕಡಿಮೆ. ಈ ನೆಲದ ಕೊರತೆಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಮೊದಲು ಶಿರೋಯೋನೆ ಸೆನ್‌ಮೈದಾ. ವಾಜಿಮಾದಿಂದ ಸುಜುವಿಗೆ ಹೋಗುವ ದಾರಿಯಲ್ಲಿ, ಕಡಲಿಗೆ ಇಳಿಯುವ ಕಡಿದಾದ ಬೆಟ್ಟದ ಮೈಮೇಲೆ ಸುಮಾರು 4 ಹೆಕ್ಟೇರಿನಲ್ಲಿ 1,004 ಗದ್ದೆಗಳು. ನೋತೋದ ಪೋಸ್ಟರುಗಳಲ್ಲೆಲ್ಲ ಇದೇ ಚಿತ್ರ. ಇವುಗಳಲ್ಲಿ ಕೆಲವು ಎಷ್ಟು ಚಿಕ್ಕವೆಂದರೆ, ಅದಕ್ಕೊಂದು ಕಥೆಯೇ ಇದೆ. ರೈತನೊಬ್ಬ ದಿನದ ಕೆಲಸ ಮುಗಿಸಿ ತನ್ನ ಗದ್ದೆಗಳನ್ನು ಎಣಿಸಿದನಂತೆ. ಎಷ್ಟು ಎಣಿಸಿದರೂ ಒಂದು ಕಮ್ಮಿ. ಬೇಸತ್ತು ಮನೆಗೆ ಹೊರಡಲು ನೆಲದ ಮೇಲಿಟ್ಟಿದ್ದ ಹುಲ್ಲಿನ ಗೊರಬನ್ನು ಎತ್ತಿದರೆ ಆ ಗದ್ದೆ ಅದರ ಅಡಿಯಲ್ಲಿತ್ತಂತೆ. ಗೊರಬಿನಡಿ ಅಡಗುವ ಗದ್ದೆಗೆ ಯಂತ್ರ ಇಳಿಯುವುದಿಲ್ಲ. ಇಲ್ಲಿ ನಾಟಿಯೂ ಕೈಯಲ್ಲೇ, ಕೊಯ್ಲೂ ಕೈಯಲ್ಲೇ. 1684ರಲ್ಲಿ ಈ ಬೆಟ್ಟ ಕುಸಿದು ಗದ್ದೆಗಳು ಹಾಳಾಗಿದ್ದವು. ಜನ ಮತ್ತೆ ಕಟ್ಟಿದರು. ಬದುವನ್ನು ಪ್ರತಿ ವರ್ಷ ಕೆಸರು ಮೆತ್ತಿ ಗಟ್ಟಿ ಮಾಡದಿದ್ದರೆ ನೀರು ಸೋರಿ ಕೆಳಗಿನ ಗದ್ದೆಯನ್ನೂ ಕೊಚ್ಚುತ್ತದೆ. ಅಕ್ಕಿಯ ಲೆಕ್ಕ ಹಾಕಿದರೆ ಈ ಬೇಸಾಯ ಎಂದೋ ನಿಲ್ಲಬೇಕಿತ್ತು. ನಿಲ್ಲದೆ ಉಳಿದದ್ದು ನೋಡುವವರಿಂದ. 2007ರಿಂದ ಇಲ್ಲಿ ಒಡೆತನದ ಪದ್ಧತಿಯೊಂದು ನಡೆಯುತ್ತಿದೆ. ದೂರದ ಊರಿನವರು ವರ್ಷಕ್ಕಿಷ್ಟು ಎಂದು ಶುಲ್ಕ ಕಟ್ಟಿ ಒಂದು ಗದ್ದೆಯ ಹೆಸರಿನೊಡೆಯರಾಗುತ್ತಾರೆ, ನಾಟಿಗೆ ಕೊಯ್ಲಿಗೆ ಬಂದು ಕೈ ಜೋಡಿಸುತ್ತಾರೆ, ಸುಗ್ಗಿಗೆ ಒಂದಿಷ್ಟು ಅಕ್ಕಿ ಪಡೆಯುತ್ತಾರೆ. ಉಳಿದ ದಿನಗಳ ದುಡಿಮೆ ಊರಿನವರದು.

ಪ್ರವಾಸಿಗರು ಬಂದು ಹಾಳು ಮಾಡುವ ಮುಂಚಿನ ಅಸಲಿ ಗ್ರಾಮ ಎಂದು ಯಾವುದನ್ನು ತೋರಿಸುತ್ತೇವೋ ಅದು ಪ್ರವಾಸಿಗರ ಹಣದಿಂದ, ಪ್ರವಾಸಿಗರ ಕೈಯಿಂದಲೂ, ಉಳಿದುಕೊಂಡ ಗ್ರಾಮ. ಇದನ್ನು ಒಪ್ಪಿಕೊಂಡರೆ ಗದ್ದೆಯ ಬೆಲೆ ಕಡಿಮೆಯಾಗುವುದಿಲ್ಲ. ಚಳಿಗಾಲದ ಸಂಜೆ ಬದುಗಳ ಮೇಲೆ ಸುಮಾರು 25,000 ಸೌರ ದೀಪಗಳು ಹೊತ್ತಿಕೊಂಡಾಗ ಮೂಗು ಮುರಿಯುವವರಿದ್ದಾರೆ. ಕೊಯ್ಲು ಮುಗಿದು ಗದ್ದೆ ಬರಿದಾಗಿ, ಊರಿಗೆ ಯಾರೂ ಬಾರದ ತಿಂಗಳುಗಳವು. ದೀಪ ಬೇಡ ಎನ್ನುವವರು ಆ ತಿಂಗಳುಗಳ ಸಂಪಾದನೆಗೆ ಬೇರೆ ದಾರಿಯನ್ನೂ ಹೇಳಬೇಕಾಗುತ್ತದೆ.

ಅದೇ ರಸ್ತೆಯಲ್ಲಿ ಮುಂದೆ ಹೋದರೆ ಸುಜುವಿನ ಉಪ್ಪಿನ ಕಣಗಳು. ಉತ್ತರ ಕನ್ನಡದ ಸಾಣಿಕಟ್ಟೆಯ ಆಗರ ಕಂಡವರಿಗೆ ಇದು ವಿಚಿತ್ರವೆನಿಸುತ್ತದೆ. ನಮ್ಮಲ್ಲಿ ಭರತ ತಾನಾಗಿ ನೀರು ತರುತ್ತದೆ, ಬಿಸಿಲು ತಾನಾಗಿ ಉಪ್ಪು ಕಟ್ಟುತ್ತದೆ. ಜಪಾನ್ ಸಮುದ್ರದಲ್ಲಿ ಉಬ್ಬರವಿಳಿತ ಹೆಸರಿಗಷ್ಟೇ. ಮಳೆ, ತೇವ ಎರಡೂ ಜಾಸ್ತಿಯಾದ್ದರಿಂದ ಬಿಸಿಲಿನಲ್ಲಿಯೇ ಹರಳುಗಟ್ಟಿಸುವ ಹಾಗೂ ಇಲ್ಲ. ಹೀಗಾಗಿ ಅಗೆಹಾಮಾ ಎಂಬ ಪದ್ಧತಿ. ಕೆಲಸಗಾರ ಕಾವಡಿಯ ಎರಡು ಬದಿಗೆ ಮರದ ಕೊಳಗ ತೂಗಿಸಿಕೊಂಡು ಕಡಲಿಗಿಳಿದು, ನೀರು ತುಂಬಿ, ದಂಡೆ ಹತ್ತಿ ಬಂದು ತೊಟ್ಟಿಗೆ ಸುರಿಯುತ್ತಾನೆ. ಆಮೇಲೆ ಒಂದು ಚಿಕ್ಕ ಮರದ ಪಾತ್ರೆಯಲ್ಲಿ ಆ ನೀರನ್ನು ಮೊಗೆದು, ಸೊಂಟ ತಿರುವಿ, ಮರಳಿನ ಕಣದ ಮೇಲೆ ಬೀಸಿ ಎರಚುತ್ತಾನೆ. ನೀರು ಧಾರೆಯಾಗಿ ಬಿದ್ದರೆ ಕೆಲಸ ಕೆಟ್ಟಿತು. ತುಂತುರಾಗಿ, ಎಲ್ಲೆಡೆ ಒಂದೇ ಸಮನಾಗಿ ಬೀಳಬೇಕು. ನೀರು ಹೊರುವುದು ಕಲಿಯಲು ಮೂರು ವರ್ಷ, ಎರಚುವುದು ಕಲಿಯಲು ಹತ್ತು ವರ್ಷ ಎಂಬ ಗಾದೆ ಅಲ್ಲಿನವರದು. ಬಿಸಿಲಿಗೆ ಒಣಗಿದ ಉಪ್ಪುಮರಳನ್ನು ಒಟ್ಟುಮಾಡಿ, ಕಣದ ಮಧ್ಯದ ಪೆಟ್ಟಿಗೆಯಲ್ಲಿ ತುಂಬಿ, ಮೇಲಿಂದ ಮತ್ತೆ ಕಡಲ ನೀರು ಹೊಯ್ದರೆ ಕೆಳಗೆ ಗಟ್ಟಿ ಉಪ್ಪುನೀರು ಇಳಿಯುತ್ತದೆ. ಅದನ್ನು ದೊಡ್ಡ ಬಾಣಲೆಯಲ್ಲಿ ಹಗಲುರಾತ್ರಿ ಸೌದೆ ಉರಿಸಿ ಕಾಯಿಸಬೇಕು.

ಈ ಕಸುಬು ಇಂದಿಗೂ ಇರುವುದು ಯಾಕೆ? ಹಿಂದೆ ಇದನ್ನು ಸಾಕಿದ್ದು ಕಾಗಾ ಸಂಸ್ಥಾನ. ಅದು ನೆಲವಿಲ್ಲದ ಈ ದಂಡೆಯವರಿಗೆ ಅಕ್ಕಿ ಕೊಟ್ಟು ಪ್ರತಿಯಾಗಿ ಉಪ್ಪು ಪಡೆಯುತ್ತಿತ್ತು. 1905ರಲ್ಲಿ ಉಪ್ಪು ಸರಕಾರದ ಏಕಸ್ವಾಮ್ಯಕ್ಕೆ ಹೋಯಿತು. 1950ರ ದಶಕದ ಕೊನೆಗೆ ಸರಕಾರ ಹಳೆಯ ಉಪ್ಪಿನ ಕಣಗಳನ್ನು ಮುಚ್ಚಿಸುತ್ತ ಬಂದಾಗ ನೋತೋದಲ್ಲಿ ಉಳಿದದ್ದು ಒಂದೇ ಮನೆತನದ ಒಂದೇ ಕಣ. ಅದು ಉಳಿದದ್ದೂ ಉಪ್ಪಿನ ಅಗತ್ಯಕ್ಕಲ್ಲ. ಬಂದವರಿಗೆ ತೋರಿಸಲಿಕ್ಕೆ, ವಿದ್ಯೆ ಅಳಿಯದಿರಲಿಕ್ಕೆ. 1997ರಲ್ಲಿ ಏಕಸ್ವಾಮ್ಯ ರದ್ದಾದ ಮೇಲೆ ಆ ಒಂದು ಕಣದ ವಿದ್ಯೆಯನ್ನು ನೋಡಿ ಕಲಿಯಲು ಸಾಧ್ಯವಾಯಿತು. 2008ರಲ್ಲಿ ಇದು ರಾಷ್ಟ್ರೀಯ ಮಹತ್ವದ ಜಾನಪದ ಸಂಪತ್ತಾಯಿತು. 2011ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ನೋತೋದ ಬೆಟ್ಟ-ಕಡಲಿನ ಬದುಕನ್ನು ಜಾಗತಿಕ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಉಪ್ಪಿನ ಕಣವೂ ಅದರೊಳಗಿತ್ತು. ನಡುವಿನ ನಾಲ್ಕು ದಶಕ ಅದನ್ನು ‘ಪ್ರದರ್ಶನ’ ಎಂದು ಹೀಗಳೆದಿದ್ದರೆ ಪರಂಪರೆ ಎಂದು ಕರೆಯಲು ಏನೂ ಉಳಿಯುತ್ತಿರಲಿಲ್ಲ. ಪ್ರದರ್ಶನ ಮತ್ತು ಬದುಕು ಎಂದು ಗೆರೆ ಎಳೆಯುವವರು ಈ ನಾಲ್ಕು ದಶಕಗಳನ್ನು ಯಾವ ಕಡೆ ಇಡುತ್ತಾರೆ?

ಕೈ ಮುಟ್ಟದ ನೋತೋ ಎಂಬ ಚಿತ್ರವೇ ಕೈಯಾರೆ ಮಾಡಿದ್ದು. ಅದರ ಚರಿತ್ರೆ ತೀರಾ ಹಳೆಯದೂ ಅಲ್ಲ. ಪತ್ತೇದಾರಿ ಕಾದಂಬರಿಕಾರ ಮಾತ್ಸುಮೋತೋ ಸೆಯಿಚೋ ಅವರ ‘ಝೀರೋ ನೋ ಶೋತೆನ್’ 1959ರಲ್ಲಿ ಪುಸ್ತಕವಾಗಿ ಬಂತು, 1961ರಲ್ಲಿ ನೊಮುರಾ ಯೊಶಿತಾರೋ ನಿರ್ದೇಶನದಲ್ಲಿ ಸಿನಿಮಾ ಆಯಿತು. ಕಾಣೆಯಾದ ಗಂಡನನ್ನು ಹುಡುಕಿಕೊಂಡು ಚಳಿಗಾಲದ ನೋತೋಗೆ ಬರುವ ಹೆಂಡತಿಯ ಕಥೆ ಅದು. ಸಿನಿಮಾದ ಕೊನೆಯ ದೃಶ್ಯ ನಡೆಯುವ ಯಾಸೆ ಎಂಬ ಕಡಲಂಚಿನ ಕಮರಿಗೆ ಜನ ಸಾಲುಗಟ್ಟಿದರು. 1964ರಲ್ಲಿ ರೈಲು ಹಳಿ ತುದಿಯ ತಾಕೋಜಿಮಾವರೆಗೆ ಮುಟ್ಟಿತು. 1968ರಲ್ಲಿ ಕರಾವಳಿ ಅರೆ-ರಾಷ್ಟ್ರೀಯ ಉದ್ಯಾನವಾಯಿತು. ಒಂಟಿತನ, ಮಂಜು, ಬೂದುಬಣ್ಣದ ಕಡಲು ಎಂದು ಇಂದಿಗೂ ನೋತೋವನ್ನು ವರ್ಣಿಸುವವರು ತಿಳಿದೋ ತಿಳಿಯದೆಯೋ ಆ ಕಾಲದ ಸಿನಿಮಾ ಕ್ಯಾಮೆರಾದ ಕಣ್ಣಿನಲ್ಲೇ ನೋಡುತ್ತಿರುತ್ತಾರೆ. 2015ರಲ್ಲಿ ಕನಜಾವಾಕ್ಕೆ ಶಿಂಕಾನ್ಸೆನ್ ರೈಲು ಬಂದ ವರ್ಷವೇ ಎನ್‌ಎಚ್‌ಕೆಯ ಬೆಳಗಿನ ಧಾರಾವಾಹಿ ‘ಮಾರೆ’ ಉಪ್ಪಿನ ಕಣವನ್ನೂ ವಾಜಿಮಾದ ಮೆರುಗಿನ ಬಟ್ಟಲುಗಳನ್ನೂ ಮನೆಮನೆಗೆ ತೋರಿಸಿತು. ನಿಸರ್ಗದ ಹೆಸರಿನಲ್ಲಿ ನಾವು ಮೆಚ್ಚುವುದರಲ್ಲಿ ಕಾದಂಬರಿ, ಸಿನಿಮಾ, ಟಿವಿ, ರೈಲು ಎಲ್ಲದರ ಪಾಲೂ ಇದೆ.

ಈಗ ಎಲ್ಲರೂ ನಕ್ಕ ಸ್ಕ್ವಿಡ್ ಕಡೆಗೆ ಬರೋಣ. ನಮ್ಮ ಕರಾವಳಿಯವರ ಬಾಯಲ್ಲಿ ಇದು ಬೊಂಡಾಸ್. ನೋತೋ ಪಟ್ಟಣದ ಓಗಿ ಬಂದರು ಬೊಂಡಾಸ್ ಹಿಡಿಯುವುದರಲ್ಲಿ ಜಪಾನಿನಲ್ಲೇ ಹೆಸರಾದ ಬಂದರುಗಳಲ್ಲೊಂದು. ಅದರ ಪಕ್ಕದ ತ್ಸುಕುಮೋ ಕೊಲ್ಲಿಯಲ್ಲಿ, ಪ್ರವಾಸಿ ಕೇಂದ್ರದ ಎದುರು, 2021ರಲ್ಲಿ ಆ ಗುಲಾಬಿ ಗೊಂಬೆ ಬಂತು. ಉದ್ದ 13 ಮೀಟರ್, ಎತ್ತರ 4 ಮೀಟರ್. ಮಕ್ಕಳು ಅದರ ಬಾಯೊಳಗೆ ಹೊಕ್ಕು ಫೋಟೋ ತೆಗೆಸಿಕೊಳ್ಳಬಹುದು. ಖರ್ಚು ಸುಮಾರು 3 ಕೋಟಿ ಯೆನ್. ಅದರಲ್ಲಿ ಎರಡೂವರೆ ಕೋಟಿ ಬಂದದ್ದು ಕೊರೊನಾ ಪರಿಹಾರಕ್ಕೆಂದು ಕೇಂದ್ರ ಸರಕಾರ ಸ್ಥಳೀಯ ಆಡಳಿತಗಳಿಗೆ ಕೊಟ್ಟ ಅನುದಾನದಿಂದ. ಆಸ್ಪತ್ರೆಗೆ, ಲಸಿಕೆಗೆ ಹೋಗಬೇಕಾದ ಹಣವನ್ನು ಗೊಂಬೆಗೆ ಸುರಿದರು ಎಂದು ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಮುಂದಿನ ವರ್ಷ ಪಟ್ಟಣದ ಆಡಳಿತ ಲೆಕ್ಕ ಬಿಡುಗಡೆ ಮಾಡಿತು: ಗೊಂಬೆಯಿಂದಾದ ಆರ್ಥಿಕ ಲಾಭ ಸುಮಾರು 60 ಕೋಟಿ ಯೆನ್. ನಕ್ಕವರು ಸುಮ್ಮನಾದರು. ಕೆಲವರು ಚಪ್ಪಾಳೆಯನ್ನೂ ತಟ್ಟಿದರು.

ನನ್ನ ಪ್ರಕಾರ ನಕ್ಕಿದ್ದೂ ಅವಸರ, ಚಪ್ಪಾಳೆಯೂ ಅವಸರ. ಅನುದಾನದ ನಿಯಮ ಊರಿನ ಆರ್ಥಿಕತೆಗೂ ಹಣ ಬಳಸಲು ಅವಕಾಶ ಕೊಟ್ಟಿತ್ತು. ಬರುವವರಿಲ್ಲದೆ ಬಾಗಿಲು ಹಾಕಿದ್ದ ಅಂಗಡಿಗಳ ಊರಿನಲ್ಲಿ, ಸೋಂಕು ಇಳಿದ ಮೇಲೆ ಜನ ಬರಲಿ ಎಂದು ಯೋಚಿಸಿದ್ದು ಹುಚ್ಚುತನವಲ್ಲ. ಇನ್ನು 60 ಕೋಟಿಯ ಅಂಕಿಗೂ ಒಂದು ಮಿತಿಯಿದೆ. ಬಂದವರು ಎಷ್ಟು ಖರ್ಚು ಮಾಡಿದರು ಎಂದು ಅದು ಹೇಳಬಹುದು; ಆ ಹಣ ಓಗಿಯ ದೋಣಿಗಳಿಗೆ ಎಷ್ಟು ಮುಟ್ಟಿತು ಎಂದು ಹೇಳಲಾರದು. ಜಪಾನಿನಲ್ಲಿ ಹೆಚ್ಚಾಗಿ ತಿನ್ನುವ ಸುರುಮೆ ಜಾತಿಯ ಬೊಂಡಾಸ್ 2010ರ ದಶಕದ ಆರಂಭದಲ್ಲಿ ವರ್ಷಕ್ಕೆ 2 ಲಕ್ಷ ಟನ್ನಿನ ಆಸುಪಾಸು ಸಿಗುತ್ತಿತ್ತು. 2023ರ ಹೊತ್ತಿಗೆ ಅದರ ಹತ್ತನೇ ಒಂದು ಪಾಲೂ ಕಷ್ಟವಾಯಿತು. ಗೊಂಬೆ ದೊಡ್ಡದಾಗಿ ನಿಂತಿದೆ, ಬಲೆಯಲ್ಲಿ ಬೊಂಡಾಸೇ ಇಲ್ಲ ಎಂದು ವ್ಯಂಗ್ಯವಾಡುವುದು ಸುಲಭ. ಅದಕ್ಕಿಂತ ಉಪಯೋಗದ ಪ್ರಶ್ನೆ ಬೇರೆ. ಗೊಂಬೆ ನೋಡಲು ಇಳಿದವರಿಗೆ ಆ ಕೇಂದ್ರದೊಳಗೆ ಏನು ಸಿಗುತ್ತದೆ? ಓಗಿಯ ಬೊಂಡಾಸಿನ ಅಡುಗೆ ಸಿಗುತ್ತದೆ. ನೋತೋದ ಒಳದಂಡೆಯವರು ಬೊಂಡಾಸಿನ ಕರುಳು, ಉಪ್ಪು ಎರಡನ್ನೇ ಕೂಡಿಸಿ ವರ್ಷಗಟ್ಟಲೆ ಹುಳಿಬರಿಸಿ ತೆಗೆಯುವ ಇಶಿರಿ ಎಂಬ ಕಂದು ರಸ ಈ ಊರಿನದೇ. ಮೀನು ಕಮ್ಮಿಯಾದಾಗ ಒಂದೊಂದು ಮೀನಿನಿಂದ ಹೆಚ್ಚು ಬೆಲೆ ಹುಟ್ಟಿಸುವುದೊಂದೇ ದಾರಿ, ಮತ್ತು ಆ ಬೆಲೆ ಕೊಡುವ ಗಿರಾಕಿ ಮೊದಲು ಕಾರು ನಿಲ್ಲಿಸಬೇಕು. ಗೊಂಬೆ ಮಾಡುವುದು ಅಷ್ಟೇ ಕೆಲಸ, ಕಾರು ನಿಲ್ಲಿಸುವುದು. ತಾನು ಸಾವಿರ ವರ್ಷದ್ದು ಎಂದು ಅದು ಸುಳ್ಳು ಹೇಳುತ್ತಿಲ್ಲ.

ಹಾಗಾದರೆ ಯಾವುದು ಕಟ್ಟಿದರೂ ಸೈ ಎಂದೇ? ಅಲ್ಲ. ಆಕರ್ಷಣೆಗಳನ್ನು ಅಳೆಯಲು ಹಳೆಯದೋ ಹೊಸದೋ, ನಿಸರ್ಗವೋ ಸಿಮೆಂಟೋ ಎಂಬ ಅಳತೆಗೋಲನ್ನು ಬಿಟ್ಟು ಬೇರೊಂದನ್ನು ಹಿಡಿಯೋಣ. ಈ ನೋಟ ನಾಳೆಯೂ ನಿಂತಿರಬೇಕಾದರೆ ಊರಿನವರಲ್ಲಿ ಯಾರು ಬೆಳಿಗ್ಗೆ ಎದ್ದು ಏನು ಮಾಡಬೇಕು? ಆ ಕೆಲಸದಿಂದ ಅವರ ಮನೆ ನಡೆಯುತ್ತದೆಯೇ? ಈ ಪ್ರಶ್ನೆಗೆ ಗದ್ದೆ, ಉಪ್ಪಿನ ಕಣ ಎರಡೂ ಚೆನ್ನಾಗಿ ಉತ್ತರಿಸುತ್ತವೆ. ಗೊಂಬೆ ಸುತ್ತಿ ಬಳಸಿಯಾದರೂ ಉತ್ತರಿಸುತ್ತದೆ. 1987ರಲ್ಲಿ ಮಾಸುಹೋ ದಂಡೆಯಲ್ಲಿ ಹಾಕಿದ ಉದ್ದದ ಬೆಂಚು ಉತ್ತರಿಸುವುದಿಲ್ಲ. ಕೂತು ಸೂರ್ಯಾಸ್ತ ನೋಡಿ ಎದ್ದು ಹೋಗುವವರಿಂದ ಯಾರಿಗೂ ಕೆಲಸ ಹುಟ್ಟುವುದಿಲ್ಲ, ದಾಖಲೆ ಇದ್ದರೂ ಇಲ್ಲದಿದ್ದರೂ. ಹಕುಯಿಯಲ್ಲಿ 1996ರಲ್ಲಿ ತೆರೆದ ಕಾಸ್ಮೋ ಐಲ್ ಎಂಬ ಆ ಹಾರುವ ತಟ್ಟೆಯ ಮ್ಯೂಸಿಯಂ ಎರಡರ ನಡುವೆ ನಿಲ್ಲುತ್ತದೆ. ಬಾಹ್ಯಾಕಾಶಕ್ಕೆ ಹೋಗಿಬಂದ ಸೋವಿಯತ್ ವೊಸ್ತೋಕ್ ಕೋಶ ಅದರೊಳಗಿದೆ, ಶಾಲೆ ಮಕ್ಕಳು ಬರುತ್ತಾರೆ. ಆದರೆ ಆ ಊರಿನ ಕಸುಬಿಗೂ ಅದಕ್ಕೂ ನಂಟಿಲ್ಲ, ಯಾವ ಊರಿನಲ್ಲಿದ್ದರೂ ನಡೆಯುತ್ತಿತ್ತು. ನಿಸರ್ಗದ ಕೊಡುಗೆಗಳಲ್ಲೂ ಈ ಪರೀಕ್ಷೆಯಲ್ಲಿ ಸೋಲುವವಿವೆ. ಕಾರು ಓಡಿಸಬಹುದಾದ ಚಿರಿಹಾಮಾದ 8 ಕಿಲೋಮೀಟರ್ ಗಟ್ಟಿ ಮರಳದಂಡೆ ಎಲ್ಲರಿಗೂ ಪ್ರಿಯ. ಅದರ ಮೇಲೆ ಕಾರು ಓಡಿಸಿ ಸಂಜೆಗೆ ಕನಜಾವಾಕ್ಕೆ ಮರಳುವವರಿಂದ ತುದಿಯ ಊರುಗಳಿಗೆ ಬರುವುದು ಏನೂ ಇಲ್ಲ. 2013ರಲ್ಲಿ ನೋತೋಗೆ ಬರುವ ಹೆದ್ದಾರಿಯ ಸುಂಕ ತೆಗೆದಾಗ ಬರುವುದು ಸಲೀಸಾಯಿತು, ರಾತ್ರಿ ತಂಗದೆ ಹೋಗುವುದೂ ಅಷ್ಟೇ ಸಲೀಸಾಯಿತು.

ಇದಕ್ಕೆ ಎದುರಾಗಿ ಎರಡು ಗಟ್ಟಿ ಆಕ್ಷೇಪಗಳಿವೆ. ಒಂದು, ನೋಡುವವರಿಗಾಗಿ ಬದುಕತೊಡಗಿದರೆ ಜನ ತಮ್ಮದೇ ಊರಿನಲ್ಲಿ ನಟರಾಗುತ್ತಾರೆ ಎಂಬುದು. ಈ ಭಯ ಸುಳ್ಳಲ್ಲ. ಆದರೆ ನೋತೋದ ಹಬ್ಬಗಳನ್ನೇ ನೋಡಿ. ಬೇಸಗೆಯಿಂದ ಶರತ್ಕಾಲದವರೆಗೆ ಊರೂರಲ್ಲಿ ಕಿರಿಕೊ ಎಂಬ ಆಳೆತ್ತರವನ್ನು ಎಷ್ಟೋ ಪಟ್ಟು ಮೀರಿದ ದೀಪದ ತೇರುಗಳನ್ನು ಹೆಗಲ ಮೇಲೆ ಹೊರುತ್ತಾರೆ. ಜುಲೈನಲ್ಲಿ ಉಶಿತ್ಸು ಊರಿನ ಅಬಾರೆ ಹಬ್ಬದಲ್ಲಿ ಉರಿಯುವ ಪಂಜುಗಳ ಕಿಡಿಮಳೆಯ ನಡುವೆ ತೇರು ಸುತ್ತುತ್ತದೆ, ಪಲ್ಲಕ್ಕಿಯನ್ನು ನೀರಿಗೂ ಬೆಂಕಿಗೂ ಎಸೆಯುತ್ತಾರೆ. ಹೊರಲು ಹುಡುಗರು ಸಾಲದೆ ಈಗ ಹೊರಗಿನವರು, ಕನಜಾವಾದ ವಿದ್ಯಾರ್ಥಿಗಳೂ ಬಂದು ಹೆಗಲು ಕೊಡುತ್ತಾರೆ. ಇದು ಕಲಬೆರಕೆ ಎಂದು ಗೊಣಗುವವರು ಯೊಬಾರೆ ಎಂಬ ಅಲ್ಲಿನ ಹಳೆಯ ಪದ್ಧತಿಯನ್ನು ಮರೆಯುತ್ತಾರೆ. ಹಬ್ಬದ ದಿನ ಮನೆಯ ಬಾಗಿಲು ತೆರೆದಿಟ್ಟು, ಕೆಂಪು ಮೆರುಗಿನ ಬಟ್ಟಲುಗಳಲ್ಲಿ ಅಡುಗೆ ಬಡಿಸಿ, ನೆಂಟರು, ಗೆಳೆಯರು, ಗೆಳೆಯರ ಗೆಳೆಯರು ಎಲ್ಲರನ್ನೂ ಉಣ್ಣಿಸುವ ಪದ್ಧತಿ ಅದು. ಬಂದವರ ಮುಂದೆ ತಮ್ಮ ಊರನ್ನು ಚೆನ್ನಾಗಿ ತೋರಿಸಿಕೊಳ್ಳುವುದು ಆ ಹಬ್ಬದ ಒಳಗೇ ಇದೆ. ಟೂರಿಸಂ ಇಲಾಖೆ ಅದನ್ನು ಹೊಸದಾಗಿ ತುರುಕಲಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು: ಇಷ್ಟೆಲ್ಲ ಆದರೂ ಊರು ಉಳಿಯಿತೇ? ಸುಜುವಿನ ಜನಸಂಖ್ಯೆ 1950ರಲ್ಲಿ ಸುಮಾರು 38,000. ಭೂಕಂಪದ ಹಿಂದಿನ ದಿನಗಳಲ್ಲಿ 13,000ದ ಆಸುಪಾಸು. ಅವರಲ್ಲಿ ಅರ್ಧದಷ್ಟು ಜನ 65 ದಾಟಿದವರು. ಪ್ರವಾಸಿಗರು ಬಂದರು, ಮಕ್ಕಳು ಹೋದರು. ನಿಜ. ಆದರೆ ಇದು ಆಕರ್ಷಣೆಗಳ ಮೇಲೆ ಹೊರಿಸಬೇಕಾದ ಆರೋಪವಲ್ಲ, ಅವುಗಳಿಂದ ಆಗದ್ದನ್ನು ನಿರೀಕ್ಷಿಸಿದವರ ಮೇಲೆ ಹೊರಿಸಬೇಕಾದದ್ದು. ವಾಜಿಮಾದ ರೈಲು 2001ರಲ್ಲಿ ನಿಂತಿತು, ತಾಕೋಜಿಮಾದ ರೈಲು 2005ರಲ್ಲಿ. ವಿಮಾನ ನಿಲ್ದಾಣ 2003ರಲ್ಲಿ ತೆರೆಯಿತು. ಸೀಟು ತುಂಬದಿದ್ದರೆ ನಷ್ಟ ತುಂಬಿಕೊಡುವುದಾಗಿ ಪ್ರಾಂತ ಸರಕಾರ ವಿಮಾನ ಕಂಪನಿಗೆ ಮಾತು ಕೊಡಬೇಕಾಯಿತು. ಹಳಿ ಕಿತ್ತ ಊರನ್ನು ಗೊಂಬೆಯೊಂದು ಉಳಿಸುತ್ತದೆ ಎಂದು ನಂಬುವುದು ದಡ್ಡತನ. ಉಳಿಸಲಿಲ್ಲ ಎಂದು ಗೊಂಬೆಯನ್ನು ಬೈಯುವುದೂ ಅದೇ ದಡ್ಡತನ.

ಬೇರೆ ದಾರಿ ಏನಿತ್ತು ಎಂಬುದನ್ನೂ ನೋಡಬೇಕು. 1975ರಲ್ಲಿ ಸುಜುವಿನಲ್ಲಿ ಅಣು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂತು. ಕಾನ್ಸಾಯ್, ಚೂಬು, ಹೊಕುರಿಕು ಎಂಬ ಮೂರು ವಿದ್ಯುತ್ ಕಂಪನಿಗಳು ತಾಕಾಯಾ ಮತ್ತು ಜಿಕೆ ಎಂಬ ಕಡಲಂಚಿನ ಊರುಗಳ ಮೇಲೆ ಕಣ್ಣಿಟ್ಟವು. ಊರು ಎರಡು ಹೋಳಾಯಿತು. 1989ರಲ್ಲಿ ವಿರೋಧಿಸಿದವರು ನಗರಾಡಳಿತದ ಕಚೇರಿಯಲ್ಲಿ 40 ದಿನ ಕೂತರು. ಕೊನೆಗೆ 2003ರ ಡಿಸೆಂಬರಿನಲ್ಲಿ ಕಂಪನಿಗಳು ಯೋಜನೆಯನ್ನು ಕೈಬಿಟ್ಟವು. 2024ರ ಹೊಸವರ್ಷದ ದಿನ 7.6 ತೀವ್ರತೆಯ ಭೂಕಂಪ ಬಂದಾಗ ಅದೇ ತಾಕಾಯಾದ ಸುತ್ತ ರಸ್ತೆ ಕುಸಿದು, ಕಡಲ ತಳ ಮೇಲೆದ್ದು, ಊರು ದ್ವೀಪವಾಯಿತು. ಹಣದ ಆಸೆಗೆ ಬಿದ್ದಿದ್ದರೆ ಅಲ್ಲಿ ರಿಯಾಕ್ಟರ್ ಇರುತ್ತಿತ್ತು. ಸ್ಥಾವರ ಬೇಡವೆಂದ ಊರು ತನ್ನ ಕಡಲು, ಉಪ್ಪು, ಮುಚ್ಚಿದ ರೈಲು ನಿಲ್ದಾಣಗಳಲ್ಲೇ ಏನಾದರೂ ಹುಡುಕಬೇಕಿತ್ತು.

ಹುಡುಕಿದ್ದು ಫಲ ಕೊಟ್ಟದ್ದೂ ಇದೆ. 2017ರಲ್ಲಿ ಫ್ರಾಮ್ ಕಿತಾಗಾವಾ ಅವರ ನಿರ್ದೇಶನದಲ್ಲಿ ಸುಜುವಿನಲ್ಲಿ ಒಕು-ನೋತೋ ಕಲಾ ತ್ರೈವಾರ್ಷಿಕ ಶುರುವಾಯಿತು. ಮತ್ತೆ 2021ರಲ್ಲಿ, 2023ರಲ್ಲಿ ನಡೆಯಿತು. ತಾಕೋಜಿಮಾದ ಹಳೆಯ ನಿಲ್ದಾಣದ ಹತ್ತಿರ, ಹಳಿ ಮುಗಿಯುವಲ್ಲಿ ಜರ್ಮನಿಯ ಟೋಬಿಯಾಸ್ ರೆಬೆರ್ಗರ್ ಬಣ್ಣಬಣ್ಣದ ಚೌಕಟ್ಟುಗಳ ಸುರುಳಿಯೊಂದನ್ನು ನಿಲ್ಲಿಸಿದರು. ಹೊರಗಿನ ಕಲಾವಿದರು ಬಂದು ಹಳ್ಳಿಯನ್ನು ಗ್ಯಾಲರಿ ಮಾಡುತ್ತಾರೆ ಎಂಬ ಟೀಕೆ ಇಂಥ ಉತ್ಸವಗಳ ಮೇಲೆ ಯಾವಾಗಲೂ ಇರುತ್ತದೆ. ಕೆಲವು ಕಲಾಕೃತಿಗಳ ಮಟ್ಟಿಗೆ ಅದು ಸರಿಯೂ ಹೌದು. ಆದರೆ 2021ರಲ್ಲಿ ಮುಚ್ಚಿದ ಪ್ರಾಥಮಿಕ ಶಾಲೆಯೊಂದರ ವ್ಯಾಯಾಮ ಹಾಲಿನಲ್ಲಿ ತೆರೆದ ಸುಜು ಥಿಯೇಟರ್ ಮ್ಯೂಸಿಯಂ ಆ ಟೀಕೆಗೆ ಸಿಗುವುದಿಲ್ಲ. ಅದಕ್ಕಾಗಿ ಊರಿನ ಮನೆಮನೆಯ ಅಟ್ಟ, ಉಗ್ರಾಣಗಳನ್ನು ಖಾಲಿ ಮಾಡಿಸಿದರು. ಹಬ್ಬದ ಊಟದ ಮಣೆ, ಬಟ್ಟಲು, ಮೀನುಗಾರಿಕೆಯ ಸಲಕರಣೆ, ಯಾರೋ ಬರೆದಿಟ್ಟ ದಿನಚರಿ ಎಲ್ಲ ಹೊರಬಂದವು. ಕಲಾವಿದರು ಅವನ್ನು ಬೆಳಕು, ಶಬ್ದಗಳೊಂದಿಗೆ ಜೋಡಿಸಿದರು. ಮೂರು ವರ್ಷ ಕಳೆಯುವುದರೊಳಗೆ ಅಂಥ ಸಾವಿರಾರು ಮನೆಗಳು ನೆಲಸಮವಾದವು. ಪ್ರವಾಸಿಗರಿಗಾಗಿ ಎಂದು ಕೂಡಿಹಾಕಿದ ಸಾಮಾನು ಊರಿನ ನೆನಪಿನ ಉಗ್ರಾಣವಾಗಿ ಉಳಿಯಿತು.

ಭೂಕಂಪ ಎಲ್ಲ ವಾದಗಳನ್ನೂ ಪರೀಕ್ಷೆಗೆ ಒಡ್ಡಿತು. ನೇರವಾಗಿ ಸತ್ತವರೇ 200ಕ್ಕೂ ಹೆಚ್ಚು. ಹೊರದಂಡೆಯಲ್ಲಿ ಕಡಲ ತಳ ಕೆಲವೆಡೆ 4 ಮೀಟರಿನಷ್ಟು ಮೇಲೆದ್ದು ಬಂದರುಗಳು ಒಣಗಿದವು. ವಾಜಿಮಾದ ಬೆಳಗಿನ ಸಂತೆಯ ಬೀದಿ ಸುಮಾರು 240 ಕಟ್ಟಡಗಳೊಂದಿಗೆ ಸುಟ್ಟುಹೋಯಿತು. ಸಾವಿರ ವರ್ಷದ ಸಂತೆ ಎಂದು ಅದಕ್ಕೆ ಹೆಸರು. ಇತ್ತೀಚೆಗೆ ಬರೀ ಪ್ರವಾಸಿಗರ ಸಂತೆಯಾಯಿತು ಎಂದು ಅದರ ಮೇಲೆ ದೂರು. ಬೀದಿ ಹೋದ ಮೇಲೆ ಏನಾಯಿತು? ಮಾರ್ಚ್ ತಿಂಗಳಲ್ಲೇ ಸಂತೆಯ ಹೆಂಗಸರು ಕನಜಾವಾದ ಕನಾಯಿವಾ ಬಂದರಿನಲ್ಲಿ ಅಂಗಡಿ ಹರಡಿದರು. ಅಲ್ಲಿಂದ ಬೇರೆ ಬೇರೆ ಊರುಗಳಿಗೆ ಸಂತೆಯೇ ಪ್ರಯಾಣ ಹೊರಟಿತು. ಜುಲೈಯಿಂದ ವಾಜಿಮಾದ ಒಂದು ಮಾಲ್‌ನೊಳಗೂ ಶುರುವಾಯಿತು. ಸಂತೆಯೆಂದರೆ 360 ಮೀಟರಿನ ಆ ಬೀದಿಯ ನೋಟವಾಗಿದ್ದರೆ ಅದು ಜನವರಿ 1ರ ರಾತ್ರಿಯೇ ಮುಗಿಯಬೇಕಿತ್ತು. ದೂರದೂರದ ಗಿರಾಕಿಗಳು ಮೊದಲೇ ಇದ್ದದ್ದರಿಂದ, ಅಂದರೆ ಅದು ಪ್ರವಾಸಿಗರ ಸಂತೆಯೂ ಆಗಿದ್ದದ್ದರಿಂದ, ಬೀದಿ ಇಲ್ಲದೆಯೂ ಬದುಕಿತು. ಸೆನ್‌ಮೈದಾದ ಗದ್ದೆಗಳು ಬಿರುಕುಬಿಟ್ಟಿದ್ದವು. ಆ ವರ್ಷ 1,004ರಲ್ಲಿ 120ಕ್ಕೆ ಮಾತ್ರ ನಾಟಿಯಾಯಿತು. ಹಾಗೆ ನೆಟ್ಟದ್ದೂ ಕಡಿಮೆಯ ಮಾತಲ್ಲ. ನೆಟ್ಟವರಲ್ಲಿ ಹಲವರು ತಮ್ಮ ಮನೆಯನ್ನೇ ಕಳೆದುಕೊಂಡವರು. ಉಶಿತ್ಸುವಿನ ಅಬಾರೆ ಹಬ್ಬ ಜುಲೈನಲ್ಲಿ ನಡೆದೇ ನಡೆಯಿತು. ಸೆಪ್ಟೆಂಬರಿನಲ್ಲಿ ಬಂದ ಮಹಾಮಳೆ ಅದೇ ಜನರನ್ನು ಮತ್ತೊಮ್ಮೆ ಕೆಡವಿತು. ಅದೇ ಸುಮಾರಿಗೆ ಉಳಿದ ಮೋಟು ಹಳಿಯ ಮೇಲೆ ನೋತೋ ರೈಲ್ವೆಯ ಸಿಬ್ಬಂದಿ ಗುಂಪಾಗಿ ಬರುವವರಿಗೆ ಭೂಕಂಪದ ದಿನದ ಅನುಭವ ಹೇಳುತ್ತ ಕರೆದೊಯ್ಯುವ ರೈಲು ಆರಂಭಿಸಿದರು. ಕಷ್ಟವನ್ನು ನೋಡಲು ಬರುವುದು ಅಸಭ್ಯ ಎನ್ನುವವರಿಗೆ ಉತ್ತರ ಆ ಸಿಬ್ಬಂದಿಯೇ ಕೊಟ್ಟಿದ್ದಾರೆ: ನೋಡಿ ಹೋಗಬೇಡಿ, ಕೇಳಿ ಹೋಗಿ.

ಈಗ ‘ಕೈ ಮುಟ್ಟದ ಕರಾವಳಿ’ ಎಂಬ ಹೊಗಳಿಕೆಯಿಂದಾಗುವ ಕೇಡನ್ನು ಹೇಳಬಹುದು. 2024ರ ಏಪ್ರಿಲಿನಲ್ಲಿ ಜಪಾನಿನ ಹಣಕಾಸು ಸಚಿವಾಲಯದ ಸಲಹಾ ಮಂಡಳಿಯಲ್ಲಿ ಒಂದು ಮಾತು ಬಂತು. ಜನಸಂಖ್ಯೆ ಕುಗ್ಗುತ್ತಿರುವ ಕಡೆ ಮರುನಿರ್ಮಾಣ ಮಾಡುವಾಗ ಮುಂದಿನ ನಿರ್ವಹಣೆಯ ವೆಚ್ಚವನ್ನೂ ಗಮನಿಸಬೇಕು, ಊರುಗಳನ್ನು ಒಟ್ಟುಗೂಡಿಸುವುದನ್ನೂ ಯೋಚಿಸಬೇಕು ಎಂದು. ಇಶಿಕಾವಾದಲ್ಲಿ ಇದಕ್ಕೆ ಸಿಟ್ಟಿನ ಪ್ರತಿಕ್ರಿಯೆ ಬಂದದ್ದು ಸಹಜ. ಲೆಕ್ಕ ಹಾಕುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಸರಕಾರದ ಬೊಕ್ಕಸ ತಳವಿಲ್ಲದ್ದಲ್ಲ, ಎಲ್ಲ ಹಳ್ಳಿಗೂ ಹಿಂದಿನಂತೆಯೇ ರಸ್ತೆ, ನೀರು ಒದಗಿಸುವುದು ಸುಲಭವಲ್ಲ. ಆದರೆ ಆ ಲೆಕ್ಕದ ಹಿಂದೆ ಒಂದು ಕಲ್ಪನೆ ಸದ್ದಿಲ್ಲದೆ ಕೂತಿರುತ್ತದೆ. ಜನ ಹೋದರೂ ನೋಟ ಉಳಿಯುತ್ತದೆ, ಗುಡ್ಡ ಗುಡ್ಡವೇ, ಕಡಲು ಕಡಲೇ, ನೋಡಬೇಕೆನಿಸಿದವರು ಹೋಗಿ ನೋಡಿ ಬರಬಹುದು ಎಂಬ ಕಲ್ಪನೆ. ಪ್ರವಾಸಿ ಬರಹಗಾರ ದಶಕಗಳಿಂದ ಕಲಿಸುತ್ತ ಬಂದಿರುವುದು ಇದನ್ನೇ. ಯಾರೂ ಮುಟ್ಟದ್ದರಿಂದಲೇ ಚಂದ ಎಂದಾದರೆ ಮುಟ್ಟುವವರು ಹೋದರೆ ಇನ್ನೂ ಚಂದವಾಗಬೇಕಲ್ಲ. ಹಾಗಾಗುವುದಿಲ್ಲ. ಬದು ಮೆತ್ತುವವರಿಲ್ಲದೆ ನಾಲ್ಕು ಮಳೆಗಾಲ ಕಳೆದರೆ ಸೆನ್‌ಮೈದಾ ಪೊದೆ ಬೆಳೆದ ಇಳಿಜಾರು. ಎರಚುವ ಕೈ ತಪ್ಪಿದರೆ ಉಪ್ಪಿನ ಕಣ ಬರೀ ಮರಳು. ಹೊರುವ ಹೆಗಲಿಲ್ಲದ ಕಿರಿಕೊ ಗೋದಾಮಿನ ಮರದ ಸಾಮಾನು.

ಇಂಥ ಕರಾವಳಿಗಳ ಬಗ್ಗೆ ಬರೆಯುವವರು ಇನ್ನಾದರೂ ಆ ಹಳೆಯ ಹೊಗಳಿಕೆಯನ್ನು ಬಿಡಬೇಕು. ಬರೆಯುವ ಪ್ರತಿ ನೋಟದ ಪಕ್ಕದಲ್ಲಿ ಅದನ್ನು ಯಾರು ನಡೆಸುತ್ತಾರೆ, ಹೇಗೆ ನಡೆಸುತ್ತಾರೆ ಎಂದೂ ಬರೆಯಬೇಕು. ಗೊಂಬೆಯನ್ನು ನೋಡಿ ನಗುವ ಮುಂಚೆ ಅದರ ಪಕ್ಕದ ಅಂಗಡಿಯವರ ಮಾತನ್ನು ಕೇಳಬೇಕು. ಹೋಗುವವರು ಒಂದು ರಾತ್ರಿಯಾದರೂ ತಂಗಿ, ಉಪ್ಪು, ಬಟ್ಟಲು, ಇಶಿರಿ ಏನಾದರೊಂದನ್ನು ಮಾಡಿದವರ ಕೈಯಿಂದಲೇ ಕೊಳ್ಳಬೇಕು. ಲೆಕ್ಕ ಹಾಕುವವರಿಗೂ ಒಂದು ಮಾತು. ಒಂದೊಂದು ಮನೆಯನ್ನು ಅಲ್ಲಿ ಉಳಿಸಲು ಸರಕಾರಕ್ಕೆ ಎಷ್ಟು ಖರ್ಚು ಎಂದು ಬರೆಯುವಾಗ, ಆ ಮನೆಯವರು ಸಂಬಳವಿಲ್ಲದೆ ಕಾಯ್ದುಕೊಂಡು ಬಂದ ಗದ್ದೆ, ಕಣ, ಹಬ್ಬಗಳ ನಿರ್ವಹಣೆಯನ್ನು ಎದುರಿನ ಕಾಲಮಿನಲ್ಲಿ ಬರೆಯಲಿ. ಹಾಗೆ ಪೂರ್ತಿ ಲೆಕ್ಕ ಹಾಕಿದ ಮೇಲೂ ಊರು ದುಬಾರಿ ಎನಿಸಿದರೆ ಆಗ ವಾದ ಮಾಡೋಣ.